ವೈರಲ್ ಜ್ವರದ ಹಿಂದೆಯೇ ಪ್ಯಾಂಕ್ರಿಯಾಸ್ ಊದಿಕೊಂಡಿತು: ಕಾರಣ ವೈರಸ್ಸೇ, ರಕ್ತದ ಕೊಬ್ಬೇ?

ಪ್ರಶ್ನೆ: ಡಾಕ್ಟರೇ, ನಾವು ಹಾವೇರಿ ಜಿಲ್ಲೆಯವರು. ನಾನು ಅಕ್ಕ, ನನ್ನ ತಮ್ಮನಿಗೆ 36 ವರ್ಷ, ಹುಬ್ಬಳ್ಳಿಯಲ್ಲಿ ಕೆಲಸ. ಆಳು ತೆಳ್ಳಗೆ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿದೆ. ಕುಡಿಯುವುದಿಲ್ಲ. ಹೋದ ತಿಂಗಳು ಜ್ವರ, ಮೈಕೈ ನೋವು ಬಂತು. ಡೆಂಗಿ ಟೆಸ್ಟ್ ನೆಗೆಟಿವ್, ‘ವೈರಲ್’ ಅಂದರು. ಕ್ಲಿನಿಕ್‌ನಲ್ಲಿ ಎರಡು ದಿನ ಇಂಜೆಕ್ಷನ್ ಹಾಕಿಸಿಕೊಂಡ. ಊಟ ಸೇರುತ್ತಿಲ್ಲ ಅಂತ ಗ್ಲುಕೋಸ್ ಪುಡಿ ಕಲಸಿದ ನೀರು, ಪ್ಯಾಕೆಟ್ ಜ್ಯೂಸ್ ಕುಡಿಯುತ್ತಲೇ ಇದ್ದ. ಐದನೇ ದಿನ ಜ್ವರ ಬಿಟ್ಟಿತು, ಮಟನ್ ಬಿರಿಯಾನಿ ತಿಂದ. ಅವತ್ತೇ ರಾತ್ರಿ ಮೇಲ್ಹೊಟ್ಟೆಯಲ್ಲಿ ತಡೆಯಲಾರದ ನೋವು, ಬೆನ್ನಿಗೂ ಹೊಡೆಯಿತು, ವಾಂತಿ. ಗ್ಯಾಸ್ಟ್ರಿಕ್ ಅಂದುಕೊಂಡು ಮಾತ್ರೆ ಕೊಟ್ಟೆವು. ಬೆಳಗ್ಗೆ ಅಡ್ಮಿಟ್ ಮಾಡಿದೆವು. ಲೈಪೇಸ್ 1,450, ಟ್ರೈಗ್ಲಿಸರೈಡ್ 2,180, ಶುಗರ್ 340, ಎಚ್‌ಬಿಎ1ಸಿ 10.2. ಲ್ಯಾಬಿನವರು ‘ರಕ್ತ ಹಾಲಿನ ಥರ ಇದೆ’ ಅಂದರಂತೆ. ಪಿತ್ತಕೋಶದಲ್ಲಿ ಕಲ್ಲಿಲ್ಲ. ಸಿ.ಟಿ. ಸ್ಕ್ಯಾನ್‌ನಲ್ಲಿ ಪ್ಯಾಂಕ್ರಿಯಾಸ್ ಊದಿಕೊಂಡಿತ್ತು. ಇನ್ಸುಲಿನ್ ಡ್ರಿಪ್ ಕೊಟ್ಟರು. ಈಗ ಮನೆಯಲ್ಲಿದ್ದಾನೆ. ಇನ್ಸುಲಿನ್, ಫೆನೋಫೈಬ್ರೇಟ್ ಬರೆದಿದ್ದಾರೆ.

ಅಮ್ಮ ಬಿರಿಯಾನಿಯನ್ನು ಬೈಯುತ್ತಾಳೆ. ಮಾವ ‘ವೈರಸ್ ಪ್ಯಾಂಕ್ರಿಯಾಸ್‌ಗೆ ಇಳಿದಿದೆ’ ಅನ್ನುತ್ತಾರೆ. ಇನ್ನೊಬ್ಬರು ಕೋವಿಡ್ ಲಸಿಕೆ ಅನ್ನುತ್ತಾರೆ. ‘ಬೇರೆ ಆಸ್ಪತ್ರೆಯಾಗಿದ್ದರೆ ರಕ್ತ ತೊಳೆಯುತ್ತಿದ್ದರು’ ಅಂದವರೂ ಇದ್ದಾರೆ. ಆಸ್ಪತ್ರೆಯಲ್ಲಿ ಬಂದವರೆಲ್ಲ ‘ಎಷ್ಟು ಕುಡಿಯುತ್ತೀರಿ’ ಅಂತ ಕೇಳಿದ್ದು ಅವನಿಗೆ ಬಹಳ ನೋವಾಗಿದೆ. ಮೂರು ವರ್ಷದ ಹಿಂದೆ ಕಂಪನಿ ಚೆಕಪ್‌ನಲ್ಲಿ ಟ್ರೈಗ್ಲಿಸರೈಡ್ 640 ಇತ್ತು. ಕೊಲೆಸ್ಟ್ರಾಲ್ ಜಾಸ್ತಿ ಇರಲಿಲ್ಲ ಅಂತ ಬಿಟ್ಟೆವು. ಅಸಲಿ ಕಾರಣ ಏನು? ಪ್ರತಿ ಜ್ವರಕ್ಕೂ ಹೀಗಾಗುತ್ತಾ? ಮಾತ್ರೆ ಎಷ್ಟು ದಿನ? ಅವನ ಇಬ್ಬರು ಮಕ್ಕಳಿಗೂ ಬರಬಹುದಾ?

ಉತ್ತರ: ಇಷ್ಟು ವಿವರವಾಗಿ, ನಂಬರುಗಳ ಸಮೇತ ಬರೆದಿದ್ದೀರಿ. ಅದರಿಂದ ನನ್ನ ಕೆಲಸ ಅರ್ಧ ಸುಲಭವಾಯಿತು. ನಿಮ್ಮ ತಮ್ಮನನ್ನು ನಾನು ಪರೀಕ್ಷೆ ಮಾಡಿಲ್ಲ. ಹಾಗಾಗಿ ಔಷಧಿ ಬದಲಿಸುವ ಮಾತು ಅವರ ಡಾಕ್ಟರದ್ದೇ. ಆದರೆ ನೀವು ಕೊಟ್ಟ ರಿಪೋರ್ಟಿನಲ್ಲೇ ಬಹಳಷ್ಟು ಉತ್ತರ ಇದೆ.

ಮೊದಲು ಕುಡಿತದ ವಿಷಯ. ಪ್ಯಾಂಕ್ರಿಯಾಸ್ ಅಂದರೆ ಮೇದೋಜೀರಕ ಗ್ರಂಥಿ. ಅದರ ಉರಿಯೂತಕ್ಕೆ, ಅಂದರೆ ಪ್ಯಾಂಕ್ರಿಯಾಟೈಟಿಸ್‌ಗೆ, ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಎರಡು ಕಾರಣ ಪಿತ್ತಕೋಶದ ಕಲ್ಲು ಮತ್ತು ಮದ್ಯ. ಆದ್ದರಿಂದ ಡಾಕ್ಟರುಗಳು ಕೇಳಲೇಬೇಕು. ಒಬ್ಬರು ಕೇಳಿ ಬರೆದಿಟ್ಟ ಮೇಲೆ ಉಳಿದವರು ಮತ್ತೆ ಮತ್ತೆ ಕೇಳುವುದು, ಅದೂ ನಂಟರ ಎದುರಿಗೆ, ಸರಿಯಲ್ಲ. ಕುಡಿಯದವರಿಗೂ ಈ ಕಾಯಿಲೆ ಬರುತ್ತದೆ, ಎಷ್ಟೋ ಜನರಿಗೆ ಬರುತ್ತದೆ. ಕಲ್ಲು, ಮದ್ಯ ಬಿಟ್ಟರೆ ಮೂರನೇ ದೊಡ್ಡ ಕಾರಣ ರಕ್ತದಲ್ಲಿ ವಿಪರೀತ ಏರಿದ ಟ್ರೈಗ್ಲಿಸರೈಡ್ ಎಂಬ ಕೊಬ್ಬು. ನಿಮ್ಮ ತಮ್ಮನ ವಿಷಯದಲ್ಲಿ ನನಗೆ ಕಾಣುವುದು ಇದೇ. ಅವರಿಗೆ ಈ ಮಾತು ಓದಿ ಹೇಳಿ.

ಈಗ ವೈರಸ್. ನಿಮ್ಮ ಮಾವ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕೆಲವು ವೈರಸ್‌ಗಳು ಪ್ಯಾಂಕ್ರಿಯಾಸ್‌ಗೆ ನೇರವಾಗಿ ತೊಂದರೆ ಕೊಡುತ್ತವೆ. ಎಲ್ಲಕ್ಕಿಂತ ಹಳೆಯ ಉದಾಹರಣೆ ಮಂಗನಬಾವು, ಅದೇ ಮಕ್ಕಳಿಗೆ ಕೆನ್ನೆ ಊದಿಕೊಳ್ಳುವ ಮಮ್ಸ್. ಕಾಕ್ಸಾಕಿ ಬಿ ಎಂಬ ವೈರಸ್ ಇದೆ. ಇಲಿಗಳಲ್ಲಿ ಅದು ಪ್ಯಾಂಕ್ರಿಯಾಸ್‌ನ ಜೀವಕೋಶಗಳನ್ನೇ ಹಾಳು ಮಾಡುವುದನ್ನು ನೋಡಿದ್ದಾರೆ. ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ ಜೊತೆಗೂ ನಮ್ಮ ದೇಶದಲ್ಲಿ ಪ್ಯಾಂಕ್ರಿಯಾಟೈಟಿಸ್ ಕಂಡಿದೆ, ಹೆಚ್ಚಾಗಿ ಯುವಕರಲ್ಲಿ. ಡೆಂಗಿಯಲ್ಲೂ ಅಪರೂಪಕ್ಕೆ ಆಗುತ್ತದೆ. ಆದರೆ ಇವೆಲ್ಲ ಸೇರಿದರೂ ಒಟ್ಟು ಕೇಸುಗಳಲ್ಲಿ ಚಿಕ್ಕ ಪಾಲು.

ಕೋವಿಡ್ ಬಂದಾಗ ಈ ಪ್ರಶ್ನೆ ದೊಡ್ಡದಾಗಿ ಎದ್ದಿತು. ರೋಗಿಗಳ ರಕ್ತದಲ್ಲಿ ಅಮೈಲೇಸ್, ಲೈಪೇಸ್ ಎಂಬ ಪ್ಯಾಂಕ್ರಿಯಾಸ್‌ನ ಜೀರ್ಣಕಿಣ್ವಗಳು ಏರಿದ್ದು ನೋಡಿ, ವೈರಸ್ ಪ್ಯಾಂಕ್ರಿಯಾಸ್‌ಗೂ ಕೈ ಹಾಕಿದೆ ಎಂದು ಮೊದಲು ಬರೆದರು. 2020ರಲ್ಲಿ ನ್ಯೂಯಾರ್ಕ್ ಕಡೆಯ ಆಸ್ಪತ್ರೆಗಳ ಲೆಕ್ಕ ಬಂತು. ಅಡ್ಮಿಟ್ ಆಗಿದ್ದ 11,883 ಕೋವಿಡ್ ರೋಗಿಗಳಲ್ಲಿ ನಿಜವಾದ ಪ್ಯಾಂಕ್ರಿಯಾಟೈಟಿಸ್ ಇದ್ದದ್ದು 32 ಜನರಿಗೆ. ಸಾವಿರಕ್ಕೆ ಮೂವರೂ ಇಲ್ಲ. ಲೈಪೇಸ್ ಏರುವುದೇ ಬೇರೆ, ಉರಿಯೂತ ಆಗುವುದೇ ಬೇರೆ. ವಾಂತಿಭೇದಿ, ಕಿಡ್ನಿ ತೊಂದರೆ ಇದ್ದರೂ ಲೈಪೇಸ್ ಸ್ವಲ್ಪ ಏರುತ್ತದೆ. ಮಂಗನಬಾವಿನಲ್ಲಿ ಜೊಲ್ಲಿನ ಗ್ರಂಥಿಯಿಂದಲೇ ಅಮೈಲೇಸ್ ಬರುತ್ತದೆ. ಅದಕ್ಕೇ ನಾವು ಮೂರು ವಿಷಯ ನೋಡುತ್ತೇವೆ: ನೋವಿನ ಸ್ವಭಾವ, ಲೈಪೇಸ್ ಮಾಮೂಲು ಮಿತಿಯ ಮೂರು ಪಟ್ಟು ದಾಟಿದೆಯೇ, ಸ್ಕ್ಯಾನ್‌ನಲ್ಲಿ ಊತ ಇದೆಯೇ. ಮೂರರಲ್ಲಿ ಎರಡು ಇರಬೇಕು. ನಿಮ್ಮ ತಮ್ಮನಿಗೆ ಮೂರೂ ಇತ್ತು. ಹಾಗಾಗಿ ಕಾಯಿಲೆ ಯಾವುದು ಅನ್ನುವುದರಲ್ಲಿ ಅನುಮಾನ ಬೇಡ.

ಲಸಿಕೆಯ ಮಾತು ಬಿಟ್ಟುಬಿಡಿ. ವರ್ಷಗಳ ಹಿಂದೆ ಹಾಕಿಸಿಕೊಂಡ ಲಸಿಕೆಗೂ ಹೋದ ತಿಂಗಳ ಈ ನೋವಿಗೂ ಸಂಬಂಧ ಕಟ್ಟಲು ಯಾವ ಆಧಾರವೂ ಇಲ್ಲ. ಎದುರಿಗೇ ಇಷ್ಟು ದೊಡ್ಡ ಕಾರಣ ಕೂತಿರುವಾಗ ಅಲ್ಲಿಗೆ ಹೋಗುವುದೂ ಬೇಕಿಲ್ಲ.

ಆ ದೊಡ್ಡ ಕಾರಣ ನಿಮ್ಮ ರಿಪೋರ್ಟಿನ ಎರಡು ನಂಬರಿನಲ್ಲಿದೆ. ಒಂದು, ಎಚ್‌ಬಿಎ1ಸಿ 10.2. ಇದು ಸುಮಾರು ಮೂರು ತಿಂಗಳ ಶುಗರಿನ ಸರಾಸರಿ ಹೇಳುವ ಪರೀಕ್ಷೆ. ಐದು ದಿನದ ಜ್ವರಕ್ಕೆ ಇದು 10 ದಾಟುವುದಿಲ್ಲ. ಅಂದರೆ ಜ್ವರ ಬರುವ ಎಷ್ಟೋ ಮೊದಲೇ ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಎರಡನೆಯದು, ಮೂರು ವರ್ಷದ ಹಿಂದಿನ ಆ 640. ಖಾಲಿ ಹೊಟ್ಟೆಯಲ್ಲಿ ಟ್ರೈಗ್ಲಿಸರೈಡ್ 150 ಮಿ.ಗ್ರಾಂ. ಒಳಗಿರಬೇಕು. 500 ದಾಟಿದರೆ ‘ಬಹಳ ಜಾಸ್ತಿ’ ಎಂಬ ಪಟ್ಟಿಗೆ ಸೇರುತ್ತದೆ. ಆಗಲೇ ಚಿಕಿತ್ಸೆ ಶುರುವಾಗಬೇಕಿತ್ತು. ಇದನ್ನು ನಿಮ್ಮನ್ನು ದೂರಲು ಹೇಳುತ್ತಿಲ್ಲ. ನಮ್ಮಲ್ಲಿ ಕೊಲೆಸ್ಟ್ರಾಲ್ ಅಂದರೆ ಎಲ್ಲರೂ ಬೆಚ್ಚುತ್ತಾರೆ, ಅದೇ ಕಾಗದದ ಮುಂದಿನ ಸಾಲಿನಲ್ಲಿರುವ ಟ್ರೈಗ್ಲಿಸರೈಡನ್ನು ಯಾರೂ ನೋಡುವುದಿಲ್ಲ. ಚೆಕಪ್ ಮಾಡಿಸಿದವರೂ ಕರೆದು ಹೇಳುವುದಿಲ್ಲ. ಎರಡೂ ಬೇರೆ ಬೇರೆ. ಕೊಲೆಸ್ಟ್ರಾಲ್ ಸರಿಯಿದ್ದು ಟ್ರೈಗ್ಲಿಸರೈಡ್ ಸಾವಿರ ಇರುವವರು ನಮ್ಮ ಒಪಿಡಿಗೆ ಬರುತ್ತಲೇ ಇರುತ್ತಾರೆ.

‘ತೆಳ್ಳಗಿದ್ದವನಿಗೆ ಹೇಗೆ’ ಅನ್ನುವ ಪ್ರಶ್ನೆಗೂ ಉತ್ತರ ನಿಮ್ಮ ಕಾಗದದಲ್ಲೇ ಇದೆ. ‘ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿದೆ’ ಎಂದು ಬರೆದಿದ್ದೀರಿ. ಕೈಕಾಲು ಸಣ್ಣ, ಸೊಂಟದ ಸುತ್ತ ಬೊಜ್ಜು, ಟ್ರೈಗ್ಲಿಸರೈಡ್ ಜಾಸ್ತಿ, ಒಳ್ಳೆಯ ಕೊಲೆಸ್ಟ್ರಾಲ್ ಕಡಿಮೆ, ಜೊತೆಗೆ ಶುಗರ್. ಭಾರತೀಯರ ಮೈಕಟ್ಟಿನಲ್ಲಿ ಇದು ತೀರಾ ಸಾಮಾನ್ಯ ಚಿತ್ರ. ತೂಕದ ಯಂತ್ರ ಇದನ್ನು ಹೇಳುವುದಿಲ್ಲ. ಸೊಂಟಕ್ಕೆ ಟೇಪು ಸುತ್ತಿದರೆ ಗೊತ್ತಾಗುತ್ತದೆ.

ಇಷ್ಟಾದರೂ ಮೂರು ವರ್ಷ ಸುಮ್ಮನಿದ್ದ ಪ್ಯಾಂಕ್ರಿಯಾಸ್ ಜ್ವರದ ಬೆನ್ನಿಗೇ ಯಾಕೆ ಊದಿಕೊಂಡಿತು? ಇಲ್ಲಿ ವೈರಸ್ಸಿಗೆ ಪಾತ್ರ ಇದೆ, ಆದರೆ ನಿಮ್ಮ ಮಾವ ಅಂದುಕೊಂಡ ರೀತಿಯಲ್ಲಿ ಅಲ್ಲ.

ನಾವು ತಿಂದ ಎಣ್ಣೆ, ತುಪ್ಪ, ಮಾಂಸದ ಕೊಬ್ಬು ಕರುಳಿನಿಂದ ಸಣ್ಣ ಸಣ್ಣ ಕಣಗಳಾಗಿ ರಕ್ತಕ್ಕೆ ಬರುತ್ತದೆ. ಇವಕ್ಕೆ ಕೈಲೋಮೈಕ್ರಾನ್ ಅಂತ ಹೆಸರು. ಇನ್ನೊಂದು ಕಡೆ ಲಿವರ್ ಕೂಡ ಸಕ್ಕರೆ, ಹಿಟ್ಟಿನ ಅಂಶದಿಂದ ಟ್ರೈಗ್ಲಿಸರೈಡ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಎರಡನ್ನೂ ಒಡೆದು ರಕ್ತವನ್ನು ತಿಳಿಮಾಡುವುದು ರಕ್ತನಾಳದ ಗೋಡೆಗೆ ಅಂಟಿಕೊಂಡಿರುವ ಒಂದು ಕಿಣ್ವ, ಲೈಪೋಪ್ರೋಟೀನ್ ಲೈಪೇಸ್. ಆ ಕಿಣ್ವ ಸರಿಯಾಗಿ ಕೆಲಸ ಮಾಡಲು ಇನ್ಸುಲಿನ್ ಬೇಕು. ಶುಗರ್ ಕಾಯಿಲೆಯಲ್ಲಿ ಇನ್ಸುಲಿನ್ನೇ ಸಾಲದು, ಹಾಗಾಗಿ ಕೊಬ್ಬು ಹಿಂದೆ ಉಳಿಯುತ್ತದೆ. 500 ದಾಟಿ ಮೇಲೆ ಹೋದ ಹಾಗೆ ಕಿಣ್ವದ ಕೈ ತುಂಬಿಬಿಡುತ್ತದೆ. ಆಮೇಲೆ ತಿಂದದ್ದೆಲ್ಲ ರಕ್ತದಲ್ಲೇ ನಿಲ್ಲುತ್ತದೆ.

ಯಾವುದೇ ಸೋಂಕು ತಗುಲಿದಾಗ ದೇಹ ಟಿಎನ್‌ಎಫ್‌ನಂಥ ಕೆಲವು ರಾಸಾಯನಿಕಗಳನ್ನು ಬಿಡುತ್ತದೆ. ಇವು ಅದೇ ಕಿಣ್ವದ ಕೈ ಕಟ್ಟಿಹಾಕುತ್ತವೆ, ಲಿವರ್‌ಗೆ ಇನ್ನಷ್ಟು ಕೊಬ್ಬು ತಯಾರಿಸು ಅನ್ನುತ್ತವೆ. ಇದು ಗೊತ್ತಾದದ್ದೇ ಒಂದು ಕುತೂಹಲದ ದಾರಿಯಲ್ಲಿ. ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಆಂಥನಿ ಸೆರಾಮಿ ಅವರ ತಂಡ ಪರಾವಲಂಬಿ ಸೋಂಕು ತಗುಲಿದ ಮೊಲಗಳನ್ನು ನೋಡುತ್ತಿತ್ತು. ಮೊಲಗಳು ಸೊರಗಿ ಮೂಳೆಚಕ್ಕಳ ಆಗುತ್ತಿದ್ದವು, ಆದರೆ ಅವುಗಳ ರಕ್ತ ಮಾತ್ರ ಕೊಬ್ಬಿನಿಂದ ತುಂಬಿರುತ್ತಿತ್ತು. ಇದೇನು ವಿಚಿತ್ರ ಅಂತ ಹಿಂದೆ ಬಿದ್ದವರಿಗೆ ಸಿಕ್ಕ ವಸ್ತುವೇ ಟಿಎನ್‌ಎಫ್ ಎಂದು 1985ರಲ್ಲಿ ಖಚಿತವಾಯಿತು. ಅಂದರೆ ಸೋಂಕು ಬಂದಾಗ ಟ್ರೈಗ್ಲಿಸರೈಡ್ ಏರುವುದು ದೇಹದ ಮಾಮೂಲು ಪ್ರತಿಕ್ರಿಯೆ. ಆರೋಗ್ಯವಂತರಲ್ಲಿ ಇದು ಸ್ವಲ್ಪ ಏರಿ, ತಾನೇ ಇಳಿಯುತ್ತದೆ. ಅವರ ಪ್ಯಾಂಕ್ರಿಯಾಸ್‌ಗೆ ಏನೂ ಆಗುವುದಿಲ್ಲ.

ನಿಮ್ಮ ತಮ್ಮನದು ಅಂಚಿನವರೆಗೆ ತುಂಬಿದ್ದ ಕೆರೆ. ಒಂದು ಮಳೆಗೆ ಕೋಡಿ ಬಿತ್ತು.

ಆ ಐದು ದಿನದಲ್ಲಿ ಏನೇನು ಕೂಡಿಕೊಂಡಿತು ನೋಡಿ. ಜ್ವರ ಶುಗರ್ ಏರಿಸಿತು. ಅದರ ಮೇಲೆ ಗ್ಲುಕೋಸ್ ನೀರು, ಜ್ಯೂಸ್. ಕ್ಲಿನಿಕ್‌ನ ಇಂಜೆಕ್ಷನ್ ಯಾವುದು ಅಂತ ನೀವು ಬರೆದಿಲ್ಲ. ಚೀಟಿ ಇದ್ದರೆ ಹುಡುಕಿ, ಅವರ ಡಾಕ್ಟರಿಗೆ ತೋರಿಸಿ. ಜ್ವರ ಬೇಗ ಇಳಿಯಲಿ ಅಂತ ಸ್ಟೀರಾಯ್ಡ್ ಹಾಕುವ ಅಭ್ಯಾಸ ಅಲ್ಲಲ್ಲಿ ಇದೆ. ಸ್ಟೀರಾಯ್ಡ್ ಶುಗರನ್ನೂ ಏರಿಸುತ್ತದೆ, ಟ್ರೈಗ್ಲಿಸರೈಡನ್ನೂ ಏರಿಸುತ್ತದೆ. ನಿಮ್ಮ ತಮ್ಮನಿಗೆ ಅದನ್ನೇ ಹಾಕಿದ್ದರು ಎಂದು ನಾನು ಹೇಳುತ್ತಿಲ್ಲ, ತಿಳಿದುಕೊಳ್ಳುವುದು ಒಳ್ಳೆಯದು ಅಷ್ಟೇ. ಕೊನೆಗೆ ಬಿರಿಯಾನಿ. ನಿಮ್ಮ ಅಮ್ಮನ ಮಾತಿನಲ್ಲೂ ಒಂದು ಪಾಲು ನಿಜ ಇದೆ. ಊಟದ ಒಂದೆರಡು ತಾಸಿನಲ್ಲಿ ಅದರ ಕೊಬ್ಬು ರಕ್ತಕ್ಕೆ ಬರಲು ಶುರುವಾಗುತ್ತದೆ. ಆದರೆ ಅದೇ ಪಾತ್ರೆಯ ಬಿರಿಯಾನಿ ಮನೆಯ ಬೇರೆಯವರೂ ತಿಂದರು ಅಲ್ವಾ? ಅವರಿಗೆ ಏನೂ ಆಗಲಿಲ್ಲ. ಒಂದು ಊಟದ ಮೇಲೆ ಪೂರ್ತಿ ತಪ್ಪು ಹೊರಿಸಿದರೆ, ಮೂರು ವರ್ಷದ ಸಮಸ್ಯೆ ಮತ್ತೆ ಕಣ್ತಪ್ಪಿಸಿಕೊಳ್ಳುತ್ತದೆ.

ರಕ್ತ ಹಾಲಿನಂತೆ ಇತ್ತು ಅಂದರಲ್ಲ, ಅದು ಅಕ್ಷರಶಃ ನಿಜ. ಇಂಥವರ ರಕ್ತವನ್ನು ಟ್ಯೂಬಿನಲ್ಲಿ ಹಾಕಿ ಯಂತ್ರದಲ್ಲಿ ತಿರುಗಿಸಿದರೆ, ಕೆಂಪು ಭಾಗ ಕೆಳಗೆ ಕೂರುತ್ತದೆ. ಮೇಲೆ ತಿಳಿ ಹಳದಿ ನೀರು ಕಾಣಬೇಕಾದ ಜಾಗದಲ್ಲಿ ಬೆಳ್ಳನೆಯ, ಆಚೆಬದಿ ಕಾಣದಂಥ ದ್ರವ ಇರುತ್ತದೆ. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಬೆಳಗ್ಗೆ ಮೇಲೆ ಕೆನೆ ಕಟ್ಟಿರುತ್ತದೆ. ಆ ಕೆನೆಯೇ ಕೈಲೋಮೈಕ್ರಾನ್. ಲ್ಯಾಬಿನ ಯಂತ್ರಗಳಿಗೂ ಇದು ಕಷ್ಟ. ಅಮೈಲೇಸ್ ಜಾಸ್ತಿ ಇದ್ದರೂ ನಾರ್ಮಲ್ ಅಂತ ಬರಬಹುದು, ಸೋಡಿಯಂ ಸುಳ್ಳೇ ಕಡಿಮೆ ತೋರಿಸಬಹುದು. ಹಾಗಾಗಿ ಟ್ಯೂಬನ್ನು ಕಣ್ಣಿನಿಂದ ನೋಡಿ ಡಾಕ್ಟರಿಗೆ ಫೋನ್ ಮಾಡುವ ಲ್ಯಾಬ್ ಟೆಕ್ನಿಷಿಯನ್ ಬಗ್ಗೆ ನನಗೆ ಬಹಳ ಗೌರವ. ನಿಮ್ಮವರು ಹೇಳಿದ್ದು ದೊಡ್ಡ ಉಪಕಾರ. ಯಾಕೆಂದರೆ ಉಪವಾಸ, ಡ್ರಿಪ್, ಇನ್ಸುಲಿನ್ ಶುರುವಾದ ಮೇಲೆ ಟ್ರೈಗ್ಲಿಸರೈಡ್ ಸರಸರ ಇಳಿಯುತ್ತದೆ. ಎರಡು ಮೂರು ದಿನ ಬಿಟ್ಟು ಪರೀಕ್ಷಿಸಿದರೆ 2,180 ಇದ್ದದ್ದು 500 ಅಂತ ಬರಬಹುದು. ಆಗ ಅಸಲಿ ಕಾರಣ ಯಾರಿಗೂ ಹೊಳೆಯುವುದಿಲ್ಲ, ‘ವೈರಲ್ ಪ್ಯಾಂಕ್ರಿಯಾಟೈಟಿಸ್’ ಅಂತ ಬರೆದು ಮನೆಗೆ ಕಳಿಸುತ್ತಾರೆ. ಇದರ ಉಲ್ಟಾ ತಪ್ಪೂ ಆಗುತ್ತದೆ. ಬೇರೆ ಕಾರಣದಿಂದ ಪ್ಯಾಂಕ್ರಿಯಾಸ್ ಊದಿಕೊಂಡಾಗ ಆ ಉರಿಯೂತವೇ ಟ್ರೈಗ್ಲಿಸರೈಡನ್ನು ಮುನ್ನೂರು ನಾನೂರಕ್ಕೆ ಒಯ್ಯಬಹುದು. ಅಂಥ ನಂಬರ್ ನೋಡಿ ಕೊಬ್ಬೇ ಕಾರಣ ಅನ್ನಬಾರದು. ಸಾವಿರ ದಾಟಿದರೆ ಮಾತು ಬೇರೆ.

ಕೊಬ್ಬು ಗ್ರಂಥಿಯನ್ನು ಹೇಗೆ ಕೆಡಿಸುತ್ತದೆ? ಪ್ಯಾಂಕ್ರಿಯಾಸ್ ಹೊಟ್ಟೆಯ ಹಿಂದೆ ಅಡ್ಡಡ್ಡ ಮಲಗಿರುವ, ಸುಮಾರು 15 ಸೆಂ.ಮೀ. ಉದ್ದದ ಅಂಗ. ಕೊಬ್ಬು ಒಡೆಯುವ ರಸ ತಯಾರಾಗುವುದೇ ಅಲ್ಲಿ. ಆ ರಸ ಅಲ್ಲೇ ಸುತ್ತಮುತ್ತಲಿನ ರಕ್ತದ ಟ್ರೈಗ್ಲಿಸರೈಡನ್ನು ಒಡೆದಾಗ ಕೊಬ್ಬಿನಾಮ್ಲಗಳು ಬಿಡುಗಡೆಯಾಗುತ್ತವೆ. ಸ್ವಲ್ಪ ಇದ್ದರೆ ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನ್ ಹಿಡಿದಿಟ್ಟುಕೊಳ್ಳುತ್ತದೆ. ಜಾಸ್ತಿಯಾದರೆ ಅವು ಗ್ರಂಥಿಯ ಜೀವಕೋಶಗಳನ್ನೂ ಸಣ್ಣ ರಕ್ತನಾಳಗಳನ್ನೂ ಸುಡುತ್ತವೆ. ಜೊತೆಗೆ ರಕ್ತ ಮಂದವಾಗಿ ಹರಿವು ನಿಧಾನವಾಗುತ್ತದೆ. ಹಾಗಂತ 2,000 ಇದ್ದವರಿಗೆಲ್ಲ ಇದು ಆಗುವುದಿಲ್ಲ. ಸಾವಿರ ದಾಟಿದವರಲ್ಲಿ ನೂರಕ್ಕೆ ಐವರ ಆಸುಪಾಸು, ಎರಡು ಸಾವಿರ ದಾಟಿದವರಲ್ಲಿ ಹತ್ತರಿಂದ ಇಪ್ಪತ್ತು ಜನರಿಗೆ ಆಗುತ್ತದೆ ಎಂಬ ಅಂದಾಜಿದೆ. ಉಳಿದವರಿಗೆ ಏನೂ ಗೊತ್ತೇ ಆಗುವುದಿಲ್ಲ. ನಿಮ್ಮ ತಮ್ಮನಿಗೂ ಮೂರು ವರ್ಷ ಗೊತ್ತಾಗಲಿಲ್ಲ.

‘ರಕ್ತ ತೊಳೆಯುವ’ ಮಾತಿಗೆ ಬರೋಣ. ಅದು ಪ್ಲಾಸ್ಮಾಫೆರಿಸಿಸ್. ರಕ್ತದ ನೀರಿನ ಭಾಗವನ್ನು ಯಂತ್ರದಲ್ಲಿ ತೆಗೆದು ಬದಲಿ ದ್ರವ ತುಂಬುತ್ತಾರೆ. ಕೆಲವೇ ತಾಸಿನಲ್ಲಿ ಟ್ರೈಗ್ಲಿಸರೈಡ್ ಅರ್ಧಕ್ಕಿಂತ ಕೆಳಗೆ ಬರುತ್ತದೆ, ಇದು ನಿಜ. ಆದರೆ ನಂಬರ್ ಬೇಗ ಇಳಿದಷ್ಟು ರೋಗಿ ಬೇಗ ಗುಣವಾಗುತ್ತಾನೆ ಎಂಬುದು ಹೋಲಿಕೆಯ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. ಕುತ್ತಿಗೆಗೋ ತೊಡೆಗೋ ದಪ್ಪ ನಳಿಕೆ ಹಾಕಬೇಕು. ಸೋಂಕು, ರಕ್ತಸ್ರಾವದ ಅಪಾಯ ಇದೆ. ಖರ್ಚಂತೂ ಹೇಳಬೇಕಿಲ್ಲ. ಅಂಗಾಂಗಗಳು ಕೈಕೊಡುತ್ತಿರುವಾಗ, ಗರ್ಭಿಣಿಯರಲ್ಲಿ, ಅಥವಾ ಇನ್ಸುಲಿನ್‌ಗೆ ಜಗ್ಗದೇ ಇದ್ದಾಗ ನಾವು ಅದನ್ನು ಯೋಚಿಸುತ್ತೇವೆ. ಶುಗರ್ 340 ಇರುವ ರೋಗಿಗೆ ಇನ್ಸುಲಿನ್ ಡ್ರಿಪ್ ಸರಿಯಾದ ಆಯ್ಕೆ. ಅದು ಶುಗರನ್ನೂ ಇಳಿಸುತ್ತದೆ, ರಕ್ತದ ಕೊಬ್ಬು ಒಡೆಯುವ ಆ ಲೈಪೋಪ್ರೋಟೀನ್ ಲೈಪೇಸ್ ಕಿಣ್ವವನ್ನೂ ಎಬ್ಬಿಸುತ್ತದೆ. ಅದರ ಅಪಾಯ ಅಂದರೆ ಶುಗರ್ ತೀರಾ ಕುಸಿಯುವುದು, ಪೊಟ್ಯಾಷಿಯಂ ಇಳಿಯುವುದು. ಅದಕ್ಕೇ ತಾಸು ತಾಸಿಗೆ ಚುಚ್ಚಿ ನೋಡುತ್ತಾರೆ. ಉಳಿದಂತೆ ಡ್ರಿಪ್, ನೋವಿಗೆ ಒಳ್ಳೆಯ ಔಷಧಿ, ವಾಂತಿ ನಿಂತ ಮೇಲೆ ಬೇಗ ಊಟ. ಇಷ್ಟೇ ಚಿಕಿತ್ಸೆ. ನಿಮ್ಮವರು ಮಾಡಿದ್ದು ಸರಿಯಾಗಿಯೇ ಇದೆ, ಕೊರಗಬೇಡಿ. ಹತ್ತರಲ್ಲಿ ಎಂಟು ಜನರಿಗೆ ಇಷ್ಟರಲ್ಲೇ ಸುಧಾರಿಸುತ್ತದೆ. ಉಳಿದ ಇಬ್ಬರಿಗೆ ಇದು ಪ್ರಾಣಕ್ಕೆ ಬರುವ ಕಾಯಿಲೆ. ಅದರಿಂದಲೇ ಮತ್ತೊಂದು ಸಲ ಆಗಬಾರದು ಎಂದು ನಾನು ಒತ್ತಿ ಹೇಳುವುದು.

ಮತ್ತೆ ಆಗದಂತೆ ಏನು ಮಾಡಬೇಕು? ಮಾತ್ರೆಯಿಂದ ಶುರುಮಾಡುತ್ತೇನೆ. ಫೆನೋಫೈಬ್ರೇಟ್ ಟ್ರೈಗ್ಲಿಸರೈಡನ್ನು ನೂರಕ್ಕೆ ಮೂವತ್ತರಿಂದ ಐವತ್ತು ಇಳಿಸುತ್ತದೆ. 2,180ರಲ್ಲಿ ಅರ್ಧ ಇಳಿದರೂ ಉಳಿಯುವುದು 1,090. ಅಂದರೆ ಮಾತ್ರೆಯೊಂದೇ ಕಾಪಾಡುವುದಿಲ್ಲ. ದೊಡ್ಡ ಕೆಲಸ ಮಾಡುವುದು ಶುಗರಿನ ಹಿಡಿತ ಮತ್ತು ಊಟ. ಆದರೆ ಮಾತ್ರೆ ಬಿಡುವ ಹಾಗೂ ಇಲ್ಲ. ರಿಪೋರ್ಟ್ ನಾರ್ಮಲ್ ಬಂತು ಅಂತ ನಿಲ್ಲಿಸಿ, ಕೆಲವೇ ತಿಂಗಳಲ್ಲಿ ಮತ್ತೆ ಅದೇ ವಾರ್ಡಿಗೆ ಬಂದವರನ್ನು ನೋಡಿದ್ದೇನೆ. ನಾರ್ಮಲ್ ಬಂದದ್ದೇ ಮಾತ್ರೆಯಿಂದ. ಎಷ್ಟು ಕಾಲ ಅನ್ನುವುದನ್ನು ಶುಗರ್ ಹಿಡಿತಕ್ಕೆ ಬಂದ ಮೇಲೆ ಅವರ ಡಾಕ್ಟರ್ ತೀರ್ಮಾನಿಸಲಿ. ವರ್ಷಗಟ್ಟಲೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿರಿ. ಕಿಡ್ನಿ, ಲಿವರ್ ಪರೀಕ್ಷೆ ಆಗಾಗ ಬೇಕು, ಈ ಮಾತ್ರೆಯಿಂದ ಪಿತ್ತಕಲ್ಲು ಆಗುವ ಸಾಧ್ಯತೆ ಸ್ವಲ್ಪ ಇದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಜೊತೆಗಿದ್ದು ಮೈಕೈ ವಿಪರೀತ ನೋವು ಬಂದರೆ ತಕ್ಷಣ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ಸಿಗುವ ಮೀನೆಣ್ಣೆ ಮಾತ್ರೆ ನುಂಗಿ ಸುಮ್ನೆ ಸಮಾಧಾನ ಪಡಬೇಡಿ. ಅದರ ಔಷಧಿ ಪ್ರಮಾಣ ದಿನಕ್ಕೆ ಸುಮಾರು 4 ಗ್ರಾಂ ಶುದ್ಧ ಒಮೆಗಾ-3. ಒಂದೆರಡು ಸಾದಾ ಮಾತ್ರೆಯಲ್ಲಿ ಅಷ್ಟಿರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಮುಂದೆ ಯಾರಾದರೂ ಅವರ ಶುಗರಿಗೆ ಗ್ಲಿಪ್ಟಿನ್ ಗುಂಪಿನ ಮಾತ್ರೆ, ಇಲ್ಲವೇ ಈಗ ಹೆಸರಾಗಿರುವ ತೂಕ ಇಳಿಸುವ ಇಂಜೆಕ್ಷನ್ ಬರೆಯಲು ಹೊರಟರೆ, ಪ್ಯಾಂಕ್ರಿಯಾಟೈಟಿಸ್ ಆಗಿತ್ತು ಎಂದು ಮೊದಲೇ ಹೇಳಬೇಕು. ಇಂಥವರಲ್ಲಿ ಅವನ್ನು ನಾವು ಸಾಧ್ಯವಾದಷ್ಟು ದೂರ ಇಡುತ್ತೇವೆ.

ಊಟದ ವಿಷಯದಲ್ಲಿ ಜನ ಕೇಳುವುದು ಯಾವ ಎಣ್ಣೆ ಒಳ್ಳೆಯದು ಅಂತ. ಟ್ರೈಗ್ಲಿಸರೈಡ್ ಸಾವಿರದ ಮೇಲಿರುವಾಗ ಆ ಪ್ರಶ್ನೆಯೇ ಬೇಡ. ಗಾಣದ ಎಣ್ಣೆ, ಆಲಿವ್ ಎಣ್ಣೆ, ತುಪ್ಪ, ಎಲ್ಲವೂ ಕೈಲೋಮೈಕ್ರಾನ್ ಆಗಿಯೇ ರಕ್ತಕ್ಕೆ ಬರುತ್ತವೆ. ಒಂದು ಟೀ ಚಮಚ ಎಣ್ಣೆಯಲ್ಲಿ ಸುಮಾರು 4.5 ಗ್ರಾಂ ಕೊಬ್ಬು. 500ರ ಕೆಳಗೆ ಇಳಿಯುವವರೆಗೆ ಇಡೀ ದಿನಕ್ಕೆ 20 ಗ್ರಾಂ ಆಸುಪಾಸಿನ ಕೊಬ್ಬು ಅಂತ ನಾನು ಹೇಳುತ್ತೇನೆ. ಅದರಲ್ಲಿ ಬೇಳೆ, ಹಾಲಿನದ್ದೂ ಸೇರಬೇಕು. ಹಾಗಾದರೆ ಅಡುಗೆಗೆ ಸಿಗುವುದು ಎರಡು ಟೀ ಚಮಚ ಎಣ್ಣೆ. ನಿಮ್ಮ ಕಡೆಯ ಊಟದಲ್ಲಿ ಇದು ಕಷ್ಟವಲ್ಲ. ಜೋಳದ ರೊಟ್ಟಿಗೆ ಎಣ್ಣೆಯೇ ಬೇಡ. ಮುದ್ದಿಪಲ್ಯ, ಸೊಪ್ಪು, ಕಾಳಿನ ಸಾರು, ಕೆನೆ ತೆಗೆದ ಮಜ್ಜಿಗೆ, ಮೊಟ್ಟೆಯ ಬಿಳಿ ನಡೆಯುತ್ತದೆ. ತೊಂದರೆ ಇರುವುದು ಶೇಂಗಾದಲ್ಲಿ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತಟ್ಟೆಯಲ್ಲಿ ಇರಲೇಬೇಕು ನಿಮಗೆ, ಗೊತ್ತು. ಶೇಂಗಾದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಕೊಬ್ಬೇ. ಸದ್ಯಕ್ಕೆ ಬಿಡಬೇಕು. ಬದಲಿಗೆ ಅಗಸೆ, ಗುರೆಳ್ಳು ಹಿಂಡಿ ಅನ್ನಬೇಡಿ, ಅವೂ ಎಣ್ಣೆಕಾಳುಗಳೇ. ಹುರಿಗಡಲೆ ಪುಡಿಗೆ ಬೆಳ್ಳುಳ್ಳಿ, ಖಾರ ಹಾಕಿ ಮಾಡಿಕೊಡಿ. ಬಜಿ, ಎಣ್ಣೆಗಾಯಿ, ತಲೆಮಾಂಸ ಇವನ್ನು ಹೇಳಬೇಕಿಲ್ಲ. 500ರ ಕೆಳಗೆ ಬಂದ ಮೇಲೆ ಸ್ವಲ್ಪ ಎಣ್ಣೆ, ಆಮೇಲೆ ಸ್ವಲ್ಪ ಶೇಂಗಾ ಸೇರಿಸಬಹುದು.

ಕೊಬ್ಬು ಕಡಿಮೆ ಮಾಡಿದ ಜಾಗಕ್ಕೆ ಅನ್ನ, ಬಿಸ್ಕತ್ತು, ಸಕ್ಕರೆ ತುಂಬಿದರೆ ಲಿವರ್ ಅದರಿಂದಲೇ ಟ್ರೈಗ್ಲಿಸರೈಡ್ ಮಾಡುತ್ತದೆ. ಬೆಲ್ಲ, ಜೇನುತುಪ್ಪ, ಹಣ್ಣಿನ ಜ್ಯೂಸೂ ಅದೇ ಲೆಕ್ಕ. ಇಡೀ ಹಣ್ಣು ಸ್ವಲ್ಪ ತಿನ್ನಲಿ. ಮದ್ಯ ಇವತ್ತಿನವರೆಗೆ ಮುಟ್ಟಿಲ್ಲ, ಮುಂದೆಯೂ ಮದುವೆ ಮನೆಯಲ್ಲಿ ಒಂದು ಗ್ಲಾಸ್ ಕೂಡ ಬೇಡ. ನಡಿಗೆ ಮುಕ್ಕಾಲು ತಾಸು, ವಾರದಲ್ಲಿ ಐದಾರು ದಿನ.

ಎರಡು ಮೂರು ವಾರಕ್ಕೊಮ್ಮೆ ಟ್ರೈಗ್ಲಿಸರೈಡ್, ಮೂರು ತಿಂಗಳಿಗೆ ಎಚ್‌ಬಿಎ1ಸಿ ಮಾಡಿಸಿ. ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಅದೂ ಆಗಲಿ, ಥೈರಾಯ್ಡ್ ಕಡಿಮೆಯಾದರೂ ಕೊಬ್ಬು ಏರುತ್ತದೆ. ಪಿತ್ತಕೋಶದ ಸ್ಕ್ಯಾನ್ ಇನ್ನೊಮ್ಮೆ ಮಾಡಿಸುವುದು ಒಳ್ಳೆಯದು. ನೋವಿನ ಹೊತ್ತಿನಲ್ಲಿ ಕರುಳಿನ ಗಾಳಿಯಿಂದಾಗಿ ಸಣ್ಣ ಕಲ್ಲು ಕಾಣದೇ ಹೋಗಬಹುದು. ತಿಂಗಳಾದ ಮೇಲೂ ಸ್ವಲ್ಪ ತಿಂದರೆ ಹೊಟ್ಟೆ ತುಂಬಿದ ಹಾಗಾಗುವುದು, ನೋವು, ಜ್ವರ ಇದ್ದರೆ ಗ್ರಂಥಿಯ ಸುತ್ತ ನೀರು ತುಂಬಿದೆಯೇ ನೋಡಬೇಕಾಗುತ್ತದೆ.

ಪ್ರತಿ ಜ್ವರಕ್ಕೂ ಹೀಗಾಗುತ್ತಾ ಅಂತ ಕೇಳಿದಿರಿ. ಟ್ರೈಗ್ಲಿಸರೈಡ್ 500ರ ಕೆಳಗೆ, ಶುಗರ್ ಹಿಡಿತದಲ್ಲಿ ಇದ್ದರೆ ಆಗುವ ಸಾಧ್ಯತೆ ಬಹಳ ಕಡಿಮೆ. ಅವರು ಜ್ವರಕ್ಕೆ ಹೆದರಿ ಬದುಕಬೇಕಿಲ್ಲ. ಆದರೆ ಜ್ವರ ಬಂದ ದಿನ ಏನು ಮಾಡಬೇಕೆಂದು ಈಗಲೇ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ. ಇನ್ಸುಲಿನ್ ನಿಲ್ಲಿಸಬಾರದು. ಊಟ ಕಡಿಮೆಯಾಯಿತು ಅಂತ ಬಹಳ ಜನ ನಿಲ್ಲಿಸಿಬಿಡುತ್ತಾರೆ, ಅನಾಹುತ ಆಗುವುದೇ ಅಲ್ಲಿ. ಡೋಸ್ ಎಷ್ಟು ಅಂತ ಫೋನ್ ಮಾಡಿ ಕೇಳಿ. ದಿನಕ್ಕೆ ನಾಲ್ಕೈದು ಸಲ ಶುಗರ್ ನೋಡಿ. ನೀರು, ಉಪ್ಪು ಹಾಕಿದ ತೆಳು ಗಂಜಿ, ಕೆನೆ ತೆಗೆದ ಮಜ್ಜಿಗೆ ಸಾಕು. ಗ್ಲುಕೋಸ್ ಪುಡಿ ಬೇಕಾಗುವುದು ಶುಗರ್ 70ರ ಕೆಳಗೆ ಕುಸಿದಾಗ ಮಾತ್ರ. ‘ಗ್ಲಿಫ್ಲೋಜಿನ್’ ಎಂದು ಕೊನೆಯಾಗುವ ಶುಗರ್ ಮಾತ್ರೆ ಇದ್ದರೆ, ವಾಂತಿ ಅಥವಾ ಊಟ ಬಿಟ್ಟಾಗ ಅದನ್ನು ತಡೆಹಿಡಿಯಬೇಕಾಗುತ್ತದೆ, ಡಾಕ್ಟರನ್ನು ಕೇಳಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಯಾರೇ ಇಂಜೆಕ್ಷನ್ ಹಾಕಲಿ, ಅದು ಏನು ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಜ್ವರ ಬಿಟ್ಟ ಮೇಲೂ ಒಂದು ವಾರ ಎಣ್ಣೆ, ಮಾಂಸ ಬೇಡ.

ಆ ರಾತ್ರಿಯಂಥ ನೋವು ಮತ್ತೆ ಬಂದರೆ, ಅಂದರೆ ಮೇಲ್ಹೊಟ್ಟೆಯಿಂದ ಬೆನ್ನಿಗೆ ಹೊಡೆಯುವ, ಮುಂದೆ ಬಾಗಿ ಕೂತರೆ ಸ್ವಲ್ಪ ತಡೆಯಬಹುದು ಅನಿಸುವ, ವಾಂತಿಯಾದರೂ ಕಡಿಮೆಯಾಗದ ನೋವು ಬಂದರೆ, ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೂ ಲ್ಯಾಬ್ ನಡೆಯುವ ಆಸ್ಪತ್ರೆಗೆ ಹೋಗಿ, ಹಳೆಯ ಡಿಸ್ಚಾರ್ಜ್ ಕಾಗದ ಕೈಯಲ್ಲಿರಲಿ. ಡ್ರಿಪ್ ಹಾಕುವ ಮೊದಲೇ ತೆಗೆದ ರಕ್ತದಲ್ಲಿ ಲೈಪೇಸ್, ಟ್ರೈಗ್ಲಿಸರೈಡ್, ಶುಗರ್, ಕೀಟೋನ್ ನೋಡಿ ಅಂತ ಕೇಳಿ. ಜೊತೆಗೆ ಇಸಿಜಿ ಆಗಲಿ. ಹೃದಯಾಘಾತವೂ ಕೆಲವರಿಗೆ ಮೇಲ್ಹೊಟ್ಟೆ ನೋವಾಗಿಯೇ ಬರುತ್ತದೆ, ಶುಗರ್ ಇದ್ದವರಲ್ಲಿ ವಿಶೇಷವಾಗಿ.

ಕೊನೆಗೆ ಮಕ್ಕಳು. ರಕ್ತದ ಕೊಬ್ಬು ಒಡೆಯುವ ಆ ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡದ ಒಂದು ಆನುವಂಶಿಕ ಕಾಯಿಲೆ ಇದೆ. ಅದು ಹತ್ತು ಲಕ್ಷಕ್ಕೆ ಒಬ್ಬಿಬ್ಬರಿಗೆ ಬರುವಷ್ಟು ಅಪರೂಪ, ಚಿಕ್ಕಂದಿನಲ್ಲೇ ಹೊಟ್ಟೆನೋವು ಶುರುವಾಗುತ್ತದೆ. ಅದಕ್ಕೆಂದೇ ತಯಾರಾದ ಒಲೆಜಾರ್ಸೆನ್ ಎಂಬ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದೆ. ನಿಮ್ಮ ತಮ್ಮನದು 33ರ ವಯಸ್ಸಿಗೆ ಕಂಡದ್ದು, ಜೊತೆಗೆ ಶುಗರ್ ಇದೆ. ಹಾಗಾಗಿ ಅದಲ್ಲ ಎಂದು ನನಗನಿಸುತ್ತದೆ. ವಂಶದಿಂದ ಬಂದ ಸಣ್ಣಪುಟ್ಟ ದೋಷಗಳ ಮೇಲೆ ಶುಗರ್ ಕೂತಿದೆ. ಆದರೂ ಇಬ್ಬರು ಮಕ್ಕಳಿಗೂ ಒಂದು ಸಲ ಖಾಲಿ ಹೊಟ್ಟೆಯ ಲಿಪಿಡ್ ಪರೀಕ್ಷೆ ಮಾಡಿಸಿ, ಹೆಚ್ಚೇನೂ ಖರ್ಚಿಲ್ಲ. ಇನ್ನೊಂದು ವಿಷಯ, ಮಕ್ಕಳಿಗೆ ಸರ್ಕಾರಿ ಕಾರ್ಯಕ್ರಮದಲ್ಲಿ ಸಿಗುವುದು ದಡಾರ ಮತ್ತು ರುಬೆಲ್ಲಾ ಲಸಿಕೆ, ಮಂಗನಬಾವಿನದು ಅದರಲ್ಲಿಲ್ಲ. ಬೇಕಾದರೆ ಮಕ್ಕಳ ಡಾಕ್ಟರನ್ನು ಕೇಳಿ ಮೂರೂ ಸೇರಿದ ಎಂಎಂಆರ್ ಲಸಿಕೆ ಹಾಕಿಸಬಹುದು.

ಮಕ್ಕಳ ಬಗ್ಗೆ ಕೇಳಿದಿರಿ, ನಿಮ್ಮ ಬಗ್ಗೆ ಕೇಳಲಿಲ್ಲ. ನೀವೂ ಅದೇ ತಂದೆತಾಯಿಯ ಮಗಳು. ನಿಮ್ಮ ಟ್ರೈಗ್ಲಿಸರೈಡ್, ಶುಗರ್ ಎರಡನ್ನೂ ಈ ತಿಂಗಳೇ ನೋಡಿಸಿ. ಗರ್ಭನಿರೋಧಕ ಮಾತ್ರೆಯಲ್ಲಿರುವ ಈಸ್ಟ್ರೋಜನ್ ಟ್ರೈಗ್ಲಿಸರೈಡ್ ಏರಿಸುತ್ತದೆ. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಅದು ಎಲ್ಲರಿಗೂ ಎರಡು ಮೂರು ಪಟ್ಟು ಏರುತ್ತದೆ, ಮೊದಲೇ ಜಾಸ್ತಿ ಇದ್ದವರಿಗೆ ಆಗ ಕಷ್ಟವಾಗುತ್ತದೆ. ಆ ಮಾತ್ರೆ ತಗೊಳ್ಳುತ್ತಿದ್ದರೆ, ಅಥವಾ ಮುಂದೆ ಬಸಿರಾದರೆ, ತಮ್ಮನಿಗೆ ಹೀಗಾಗಿತ್ತು ಎಂದು ನಿಮ್ಮ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ಹೇಳಿ.